ಹಿಮವನ್ನು ಓದುವ ಕಸುಬು: ಗಢವಾಲದ ಪರ್ವತ ಮಾರ್ಗದರ್ಶಿಗಳ ದಿನಚರಿ

2024ರ ಜೂನ್ 4ರಂದು ಉತ್ತರಾಖಂಡದ ಸಹಸ್ತ್ರತಾಲ್ ಸರೋವರದ ಹಾದಿಯಲ್ಲಿ, 4,000 ಮೀಟರಿಗೂ ಮೇಲಿನ ಬಯಲಿನಲ್ಲಿ ಹಿಮಬಿರುಗಾಳಿ ಎದ್ದಿತು. ಹಾದಿಯಲ್ಲಿದ್ದ 22 ಜನರ ತಂಡದಲ್ಲಿ 18 ಮಂದಿ ಕರ್ನಾಟಕದಿಂದ ಹೋದವರು, ಒಬ್ಬರು ಮಹಾರಾಷ್ಟ್ರದವರು, ಮೂವರು ಸ್ಥಳೀಯ ಮಾರ್ಗದರ್ಶಿಗಳು. ಮರುದಿನ ಹೆಲಿಕಾಪ್ಟರುಗಳು ಮೇಲಕ್ಕೆ ಹಾರಿ ಬದುಕುಳಿದವರನ್ನು ಕೆಳಗಿಳಿಸಿದವು. 9 ಮಂದಿ ಜೀವಂತ ಮರಳಲಿಲ್ಲ.

ಆ ದುರಂತದ ನಂತರ ಹವಾಮಾನ, ಅನುಮತಿ, ಆಯೋಜನೆ ಎಲ್ಲವೂ ಚರ್ಚೆಗೆ ಬಂದವು. ತಂಡದ ಮುಂದೆ ನಡೆಯುವ ಮನುಷ್ಯನ ಕೆಲಸ ನಿಜಕ್ಕೂ ಏನು ಎಂಬ ಪ್ರಶ್ನೆ ಮಾತ್ರ ಹಿಂದೆ ಸರಿಯಿತು. ಬೇಲೂರಿನಲ್ಲೋ ಹಂಪಿಯಲ್ಲೋ ಗೈಡ್ ಎಂದರೆ ದಾರಿ ತೋರಿಸಿ ಕಥೆ ಹೇಳುವವನು. ನಗರದ ಚಾರಣಿಗರು ಇದೇ ಕಲ್ಪನೆಯನ್ನು ಬೆನ್ನುಚೀಲದೊಂದಿಗೆ ಹಿಮಾಲಯಕ್ಕೂ ಹೊತ್ತೊಯ್ಯುತ್ತಾರೆ. ಆದರೆ ಪರ್ವತ ಮಾರ್ಗದರ್ಶಿ ಹೆಚ್ಚು ಮಾತನಾಡುವವನಲ್ಲ. ದಾರಿ ತೋರಿಸುವುದು ಅವನ ಕೆಲಸದ ಸಣ್ಣ ಪಾಲು. ಅವನಿಗೆ ಸಂಬಳ ಕೊಡುವುದು ಒಂದು ತೀರ್ಮಾನಕ್ಕಾಗಿ: ಇಂದು ಮುಂದೆ ಹೋಗಬಹುದೇ, ಇಲ್ಲಿಂದಲೇ ಮರಳಬೇಕೇ?

ಆ ತೀರ್ಮಾನ ಕೊನೆಯ ಗಳಿಗೆಯಲ್ಲಿ ಹೊಳೆಯುವಂಥದ್ದಲ್ಲ. ದಿನವಿಡೀ ನೋಡಿದ್ದು, ಮುಟ್ಟಿದ್ದು, ಓದಿದ್ದು, ಅಳತೆಯ ಉಪಕರಣದಲ್ಲಿ ಕಂಡದ್ದು ಎಲ್ಲವೂ ಕೂಡಿ ಅದು ರೂಪುಗೊಳ್ಳುತ್ತದೆ. ಗಢವಾಲ ಹಿಮಾಲಯದ, ಅದರಲ್ಲೂ ಉತ್ತರಕಾಶಿ ಸುತ್ತಲಿನ ಮಾರ್ಗದರ್ಶಿಗಳ ದಿನಚರಿಯನ್ನು ಗಮನಿಸಿದರೆ ಇದು ಮನವರಿಕೆಯಾಗುತ್ತದೆ.

ನಸುಕಿಗೂ ಮುನ್ನ

ಹಿಮದ ಇಳಿಜಾರು ದಾಟಬೇಕಾದ ದಿನ ಕೆಲಸ ಶುರುವಾಗುವುದು ರಾತ್ರಿ ಎರಡು ಗಂಟೆಗೆ. ಇದು ಶಿಸ್ತಿನ ಪ್ರದರ್ಶನವಲ್ಲ, ಭೌತಶಾಸ್ತ್ರ. ಹಗಲಿನ ಬಿಸಿಲಿಗೆ ಮೆತ್ತಗಾದ ಹಿಮ ರಾತ್ರಿಯ ಚಳಿಗೆ ಹೆಪ್ಪುಗಟ್ಟಿ ಗಟ್ಟಿ ನೆಲದಂತಾಗುತ್ತದೆ. ಬೂಟಿಗೆ ಕಟ್ಟಿದ ಕ್ರಾಂಪಾನ್ ಮೊಳೆಗಳು ಅದರಲ್ಲಿ ಚೆನ್ನಾಗಿ ನಾಟುತ್ತವೆ, ಕಲ್ಲುಗಳು ತಮ್ಮ ಜಾಗದಲ್ಲೇ ಅಂಟಿಕೊಂಡಿರುತ್ತವೆ, ಹಿಮಸೇತುವೆಗಳು ಭಾರ ತಾಳುತ್ತವೆ. ಹೊತ್ತು ಏರಿದಂತೆ ಅದೇ ದಾರಿಯಲ್ಲಿ ಮೊಣಕಾಲುದ್ದ ಹೂತು ನಡೆಯಬೇಕಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಣಿವೆಯಿಂದ ಮೋಡ ಮೇಲೇರುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಗುಡುಗು, ಆಲಿಕಲ್ಲು, ಹಿಮಪಾತ ಹೆಚ್ಚಾಗಿ ಬರುವುದು ಆಗಲೇ.

ಎದ್ದ ಕೂಡಲೇ ಮಾರ್ಗದರ್ಶಿಯ ಕಣ್ಣು ಹೋಗುವುದು ಎತ್ತರಮಾಪಕದ ಕಡೆಗೆ. ಈಗ ಕೈಗಡಿಯಾರದಲ್ಲೇ ಅಡಕವಾಗಿರುವ ಈ ಸಾಧನ ಅಳೆಯುವುದು ಎತ್ತರವನ್ನಲ್ಲ, ಗಾಳಿಯ ಒತ್ತಡವನ್ನು. ಒತ್ತಡದಿಂದ ಎತ್ತರವನ್ನು ಲೆಕ್ಕ ಹಾಕಿ ತೋರಿಸುತ್ತದೆ, ಅಷ್ಟೆ. ಹೀಗಾಗಿ ಡೇರೆ ಅಲ್ಲಾಡದೆ ನಿಂತಿದ್ದರೂ ರಾತ್ರಿ ಬೆಳಗಾಗುವುದರೊಳಗೆ ಅದು ಐವತ್ತು ಮೀಟರ್ ಮೇಲೇರಿದಂತೆ ತೋರಿಸಿದರೆ ಅರ್ಥ ಒಂದೇ: ಒತ್ತಡ ಕುಸಿದಿದೆ, ಹವೆ ಕೆಡುವ ಸಂಭವವಿದೆ. 4,000 ಮೀಟರ್ ಎತ್ತರದಲ್ಲಿ ಐವತ್ತು ಮೀಟರಿನ ಈ ಹುಸಿ ಏರಿಕೆ ಸುಮಾರು ನಾಲ್ಕು ಮಿಲಿಬಾರ್ ಕುಸಿತಕ್ಕೆ ಸಮ. ಫೋನಿಗೆ ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಇಷ್ಟು ನಂಬಿಕೆಯ ಮುನ್ಸೂಚನೆ ಬೇರೆ ಸಿಗುವುದು ಕಷ್ಟ.

ಆಮೇಲೆ ಆಕಾಶ. ನಕ್ಷತ್ರಗಳು ಸ್ವಚ್ಛವಾಗಿವೆಯೇ, ಶಿಖರದ ನೆತ್ತಿಯಿಂದ ಹಿಮದ ಪುಡಿ ಬಾವುಟದಂತೆ ಹಾರುತ್ತಿದೆಯೇ, ರಾತ್ರಿ ಹಿಮ ಹೆಪ್ಪುಗಟ್ಟುವಷ್ಟು ಚಳಿ ಬಿತ್ತೇ? ಮೋಡ ಕವಿದ ರಾತ್ರಿ ಬೆಚ್ಚಗಿರುತ್ತದೆ. ಡೇರೆಯೊಳಗಿನ ಪ್ರವಾಸಿಗ ಅದರಿಂದ ಖುಷಿಪಟ್ಟರೆ ಹೊರಗಿನ ಮಾರ್ಗದರ್ಶಿ ಚಿಂತೆಗೆ ಬೀಳುತ್ತಾನೆ. ಹೊಸ ಹಿಮ ಬಿದ್ದಿದ್ದರೆ ಎಷ್ಟು ಬಿದ್ದಿದೆ, ಗಾಳಿ ಅದನ್ನು ಯಾವ ಮಗ್ಗುಲಿಗೆ ಒಯ್ದು ಪೇರಿಸಿದೆ ಎಂಬುದನ್ನು ಕೋಲಿನಿಂದ ಚುಚ್ಚಿ ನೋಡುತ್ತಾನೆ. ಹಿಮಕುಸಿತಗಳು ಬಹುಪಾಲು ಜಾರುವುದು 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ. ಅದಕ್ಕಿಂತ ಕಡಿದಾದ ಕಡೆ ಹಿಮ ರಾಶಿಯಾಗುವ ಮೊದಲೇ ಉದುರಿಬಿಡುತ್ತದೆ, ಅದಕ್ಕಿಂತ ಓರೆ ಕಡಿಮೆಯಿದ್ದರೆ ಸಾಮಾನ್ಯವಾಗಿ ಜಾರುವುದಿಲ್ಲ. ದುರದೃಷ್ಟವೆಂದರೆ ಹತ್ತಲು ಆಕರ್ಷಕವಾಗಿ ಕಾಣುವ ಇಳಿಜಾರುಗಳ ಓರೆಯೂ ಅಷ್ಟೇ.

ಅನುಭವಿಗಳಿಗೂ ಈ ಓದು ಕೈಕೊಡುತ್ತದೆ. 2022ರ ಅಕ್ಟೋಬರ್ 4ರಂದು ಉತ್ತರಕಾಶಿ ಜಿಲ್ಲೆಯ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ನೆಹರು ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ ಹಿಮಕುಸಿತಕ್ಕೆ ಸಿಲುಕಿತು. 27 ಮೃತದೇಹಗಳು ಸಿಕ್ಕವು, ಇಬ್ಬರು ಪತ್ತೆಯಾಗಲಿಲ್ಲ. ಸತ್ತವರಲ್ಲಿ ಸಂಸ್ಥೆಯ ಬೋಧಕಿ ಸವಿತಾ ಕಂಸ್ವಾಲ್ ಕೂಡ ಒಬ್ಬರು. ಅದೇ ವರ್ಷದ ಮೇ ತಿಂಗಳಲ್ಲಿ 16 ದಿನಗಳ ಅಂತರದಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಏರಿದ್ದವರು ಅವರು. 1965ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯೇ ಗಢವಾಲದ ಹೆಚ್ಚಿನ ಮಾರ್ಗದರ್ಶಿಗಳ ಪಾಠಶಾಲೆ. ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಅವರೂ ಇಲ್ಲಿ ಕಲಿತವರೇ. ಪ್ರಾಥಮಿಕ, ಉನ್ನತ, ಶೋಧ ಮತ್ತು ರಕ್ಷಣೆ, ಬೋಧನಾ ವಿಧಾನ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಲ್ಲಿನ ಶಿಕ್ಷಣ ಸಾಗುತ್ತದೆ.

ಮನುಷ್ಯರನ್ನು ಓದುವುದು

ಹಿಮಕ್ಕಿಂತ ಕಠಿಣವಾದ ಓದು ಇನ್ನೊಂದಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ವಿಮಾನದಲ್ಲಿ ಡೆಹ್ರಾಡೂನಿಗೆ ಹೋಗಿ, ಜೀಪು ಹತ್ತಿ ಎರಡನೆಯ ದಿನವೇ 3,000 ಮೀಟರ್ ದಾಟಿದ ಗಂಗೋತ್ರಿಯಲ್ಲಿ ಇಳಿಯಬಹುದು. ಇನ್ನೆರಡು ದಿನ ನಡೆದರೆ ಗೋಮುಖದ ಮೇಲಿನ ತಪೋವನ. ಅದು ಸುಮಾರು 4,400 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 60ರ ಆಸುಪಾಸು. ಪ್ರತಿ ಉಸಿರಿನಲ್ಲಿ ಒಳಹೋಗುವ ಆಮ್ಲಜನಕವೂ ಅದೇ ಲೆಕ್ಕದಲ್ಲಿ ಇಳಿದಿರುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ರಜೆಯ ಅರ್ಜಿಯಲ್ಲಿ ಬರೆದ ದಿನಗಳಿಗೆ ತಕ್ಕಂತೆ ಅಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿಯ ದಿನ ಬೇಕು ಎಂಬುದು ವೈದ್ಯರು ಒಪ್ಪಿರುವ ನಿಯಮ. ಐದು ದಿನಗಳ ಅಗ್ಗದ ಪ್ಯಾಕೇಜುಗಳು ಮೊದಲು ನುಂಗುವುದು ಆ ವಿಶ್ರಾಂತಿಯ ದಿನವನ್ನು.

ಆದ್ದರಿಂದ ಮಾರ್ಗದರ್ಶಿ ಬೆಳಗಿನ ಚಹಾ ಹೊತ್ತಿನಲ್ಲೇ ಪರೀಕ್ಷೆ ಶುರು ಮಾಡುತ್ತಾನೆ. ಪರೀಕ್ಷೆ ಎಂದು ಯಾರಿಗೂ ಅನ್ನಿಸದಂತೆ ಮಾಡುತ್ತಾನೆ ಎಂಬುದೇ ಅದರ ಜಾಣ್ಮೆ. ಯಾರು ತಿಂಡಿ ಬಿಟ್ಟರು, ಯಾರು ನಿನ್ನೆಗಿಂತ ಮೌನವಾಗಿದ್ದಾರೆ, ಯಾರಿಗೆ ಬೂಟಿನ ಲಾಡಿ ಕಟ್ಟಲು ಹೆಚ್ಚು ಹೊತ್ತು ಹಿಡಿಯಿತು? ತಲೆನೋವು, ವಾಕರಿಕೆ, ನಿದ್ದೆಗೇಡು ಇದ್ದರೆ ಅಲ್ಲೇ ನಿಲ್ಲಬೇಕು, ಮೇಲೇರುವಂತಿಲ್ಲ. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ನೆಲದ ಮೇಲೆ ಗೆರೆ ಎಳೆದು, ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೇಳಿದಾಗ ಕುಡಿದವನಂತೆ ತೂರಾಡಿದರೆ ಮಿದುಳು ಊದಿಕೊಂಡಿದೆ ಎಂದರ್ಥ. ಕೊನೆಯ ಎರಡಕ್ಕೂ ಔಷಧ, ಆಮ್ಲಜನಕ ನೆರವಾಗುತ್ತವೆಯಾದರೂ ಮುಖ್ಯ ಚಿಕಿತ್ಸೆ ಕೆಳಗಿಳಿಯುವುದು. ಅದೂ ನಾಳೆಯಲ್ಲ, ಆ ರಾತ್ರಿಯೇ.

ಕೊರೊನಾ ಕಾಲದಲ್ಲಿ ಮನೆಮನೆಗೂ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈಗ ಹಿಮಾಲಯದ ಡೇರೆಗಳಲ್ಲೂ ಸಾಮಾನ್ಯ. ಮಾರ್ಗದರ್ಶಿಗಳು ಅದನ್ನು ಬಳಸುತ್ತಾರೆ, ಪೂಜಿಸುವುದಿಲ್ಲ. ತಣ್ಣಗಾದ ಬೆರಳಿನಲ್ಲಿ ಅದು ತಪ್ಪು ಅಂಕಿ ತೋರಿಸುತ್ತದೆ. ಅಂಕಿ ಚೆನ್ನಾಗಿದ್ದವರೂ ರಾತ್ರಿ ಕಾಯಿಲೆ ಬೀಳಬಹುದು. ಅಂಕಿಯ ಪೈಪೋಟಿ ಎಂಬ ಹೊಸ ಪೀಡೆಯೂ ಹುಟ್ಟಿಕೊಂಡಿದೆ. ತನ್ನದು 88, ಗೆಳೆಯನದು 82 ಎಂದು ಬೀಗುವವನು ತಲೆನೋವನ್ನು ಮುಚ್ಚಿಡುತ್ತಾನೆ.

ಚಳಿಯ ಹೊಡೆತವಂತೂ ಇನ್ನೂ ಮೋಸದ್ದು. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಮೊದಲು ನಡುಕ, ಅನಂತರ ತೊದಲು ಮಾತು, ತಡವರಿಕೆ. ಮುಂದಿನ ಹಂತದಲ್ಲಿ ನಡುಕವೇ ನಿಂತುಹೋಗುತ್ತದೆ. ನೋಡುವವರಿಗೆ ಸುಧಾರಿಸಿದಂತೆ ಕಾಣುತ್ತದೆ, ಆದರೆ ಅದು ದೇಹ ಸೋತ ಲಕ್ಷಣ. 'ನೀವು ಮುಂದೆ ಹೋಗಿ, ಸ್ವಲ್ಪ ಕೂತು ಬರುತ್ತೇನೆ' ಎನ್ನುವವನನ್ನು ಎಂದೂ ಒಂಟಿಯಾಗಿ ಬಿಡಬಾರದು ಎಂಬುದು ಕಸುಬಿನ ಮೊದಲ ಪಾಠಗಳಲ್ಲೊಂದು. ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ಶೂನ್ಯಕ್ಕಿಂತ ಮೇಲಿನ ಉಷ್ಣತೆಯಲ್ಲೂ ಹೀಗಾಗುತ್ತದೆ.

ಪುಸ್ತಕದ ಗಂಟು

ಬೇಸಿಗೆ ಮತ್ತು ಶರತ್ಕಾಲ ದುಡಿಮೆಯ ಕಾಲ. ಮಳೆಗಾಲದಲ್ಲಿ, ಚಳಿಗಾಲದ ಹೆಚ್ಚಿನ ದಿನಗಳಲ್ಲಿ ಹಾದಿಗಳು ಬರಿದಾಗಿರುತ್ತವೆ. ಬಿರುಗಾಳಿಗೆ ಸಿಕ್ಕಿ ಡೇರೆಯಲ್ಲೇ ಕಳೆಯುವ ದಿನಗಳೂ ಇವೆ. ಪರ್ವತದ ಬದುಕಿನಲ್ಲಿ ಓದಿಗೆ ಬಿಡುವು ಸಿಗುವುದು ಆಗ. ಈ ಓದು ಕಾಲಹರಣಕ್ಕಷ್ಟೇ ಅಲ್ಲ ಎಂಬುದನ್ನು ತಿಳಿಯಲು ವೃತ್ತಿಯ ಇತಿಹಾಸವನ್ನು ಸ್ವಲ್ಪ ನೋಡಬೇಕು.

ಪರ್ವತ ಮಾರ್ಗದರ್ಶನ ಸಂಘಟಿತ ವೃತ್ತಿಯಾಗಿ ಹುಟ್ಟಿದ್ದು ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ, ಫ್ರಾನ್ಸಿನ ಶಾಮೊನಿ ಎಂಬ ಊರಿನಲ್ಲಿ. ಹುಟ್ಟಿಗೆ ಕಾರಣ ಒಂದು ಅಪಘಾತ. 1820ರಲ್ಲಿ ಮೋಂ ಬ್ಲಾಂ ಶಿಖರಕ್ಕೆ ಹೊರಟ ಡಾ. ಹ್ಯಾಮೆಲ್ ಅವರ ತಂಡ ಹಿಮಕುಸಿತಕ್ಕೆ ಸಿಕ್ಕಿ ಮೂವರು ಮಾರ್ಗದರ್ಶಿಗಳು ಸತ್ತರು. ಮರುವರ್ಷ, 1821ರಲ್ಲಿ, ಶಾಮೊನಿಯ ಮಾರ್ಗದರ್ಶಿಗಳ ಸಂಘ ಅಸ್ತಿತ್ವಕ್ಕೆ ಬಂತು. ಆ ಮೂವರ ಅವಶೇಷಗಳು ಎಲ್ಲಿ ಹೋದವು ಎಂಬುದು ಇನ್ನೂ ವಿಸ್ಮಯದ ಕಥೆ. ಹಿಮನದಿ ಅವುಗಳನ್ನು ಒಡಲಲ್ಲಿಟ್ಟುಕೊಂಡು ನಿಧಾನವಾಗಿ ಕೆಳಗೆ ಸಾಗಿಸಿ 1861ರಲ್ಲಿ, 41 ವರ್ಷಗಳ ನಂತರ, ಕಣಿವೆಯ ಬದಿಯಲ್ಲಿ ಹೊರಹಾಕಿತು. ಹಿಮನದಿಯ ಚಲನೆಯನ್ನು ಅಧ್ಯಯನ ಮಾಡಿದ್ದ ವಿಜ್ಞಾನಿ ಜೇಮ್ಸ್ ಫೋರ್ಬ್ಸ್ ಸುಮಾರು 40 ವರ್ಷಕ್ಕೆ ಹೀಗಾದೀತೆಂದು ಮೊದಲೇ ಲೆಕ್ಕ ಹಾಕಿದ್ದರು. 1865ರಲ್ಲಿ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿ ಏರಿ ಇಳಿಯುವಾಗ ಹಗ್ಗ ತುಂಡಾಗಿ ಏಳು ಜನರಲ್ಲಿ ನಾಲ್ವರು ಬಿದ್ದು ಸತ್ತರು. ವಿಚಾರಣೆ ನಡೆಯಿತು, ಹಗ್ಗದ ಗುಣಮಟ್ಟ ಚರ್ಚೆಯಾಯಿತು. ತುಂಡಾದ ಹಗ್ಗ ಇಂದಿಗೂ ಜೆರ್ಮಾಟ್ ಊರಿನ ವಸ್ತುಸಂಗ್ರಹಾಲಯದಲ್ಲಿದೆ.

ಮಾರ್ಗದರ್ಶಿಗಳ ಓದಿನಲ್ಲಿ ಇಂಥ ಅಪಘಾತಗಳ ವರದಿಗಳಿಗೆ ದೊಡ್ಡ ಜಾಗವಿರುವುದು ಇದಕ್ಕಾಗಿಯೇ. ಅಮೆರಿಕದ ಆಲ್ಪೈನ್ ಕ್ಲಬ್ 1948ರಿಂದ ವರ್ಷಂಪ್ರತಿ ಅಪಘಾತಗಳ ಸಂಪುಟ ಹೊರತರುತ್ತಿದೆ. ಎಲ್ಲಿ, ಎಷ್ಟು ಗಂಟೆಗೆ, ಯಾವ ಗಂಟು ಬಿಚ್ಚಿತು, ಯಾರು ಯಾವ ಸೂಚನೆಯನ್ನು ಕಡೆಗಣಿಸಿದರು ಎಂಬ ಒಣ ವಿವರಗಳು ಅದರ ತುಂಬ. ಸಾಹಸಕಥೆಗಳಿಗಿಂತ ಇವು ಹೆಚ್ಚು ಕಲಿಸುತ್ತವೆ. ನಮ್ಮ ಕಡೆ 1928ರಲ್ಲಿ ಸ್ಥಾಪನೆಯಾದ ಹಿಮಾಲಯನ್ ಕ್ಲಬ್ಬಿನ 'ಹಿಮಾಲಯನ್ ಜರ್ನಲ್' 1929ರಿಂದ ಬರುತ್ತಿದ್ದು, ಯಾವ ಕಣಿವೆಗೆ ಯಾರು ಯಾವ ದಾರಿಯಿಂದ ಹೋದರೆಂಬುದಕ್ಕೆ ಇಂದಿಗೂ ಅದೇ ಆಧಾರ. ಆದರೆ ಈ ಭಂಡಾರವೆಲ್ಲ ಇಂಗ್ಲಿಷಿನಲ್ಲಿದೆ. ಗಢವಾಲಿ, ಹಿಂದಿಯಲ್ಲಿ ಬದುಕುವ ಹಳ್ಳಿಯ ಮಾರ್ಗದರ್ಶಿಗೆ ತನ್ನದೇ ಬೆಟ್ಟದ ಚರಿತ್ರೆ ಪರಭಾಷೆಯಲ್ಲಿ ಸಿಗುತ್ತದೆ ಎಂಬುದು ಸಣ್ಣ ಅನ್ಯಾಯವಲ್ಲ.

ಅಕ್ಷರ ಬಾರದೆಯೂ ಪರ್ವತವನ್ನು ಓದಿದವರಿದ್ದಾರೆ. ತೇನ್‌ಸಿಂಗ್ ನೋರ್ಗೆ ಅವರಿಗೆ ಓದು ಬರಹ ಬರುತ್ತಿರಲಿಲ್ಲ, ಹಲವು ಭಾಷೆಗಳಲ್ಲಿ ಮಾತನಾಡಬಲ್ಲವರಾಗಿದ್ದರು; 1955ರಲ್ಲಿ ಬಂದ ಅವರ ಆತ್ಮಕಥೆಯನ್ನು ಅವರು ಹೇಳಿದಂತೆ ಬರೆದವರು ಜೇಮ್ಸ್ ರಾಮ್ಸೆ ಉಲ್ಮನ್. ಇದಕ್ಕೆ ತದ್ವಿರುದ್ಧ ಶಾಮೊನಿಯ ಗಾಸ್ತೋಂ ರೆಬ್ಯೂಫಾ. ಆಲ್ಪ್ಸ್‌ನ ಆರು ಮಹಾ ಉತ್ತರಗೋಡೆಗಳನ್ನು ಏರಿದ ಈ ಮಾರ್ಗದರ್ಶಿ ಸ್ವತಃ ಲೇಖಕ, ಚಲನಚಿತ್ರಗಳನ್ನೂ ಮಾಡಿದವರು. 1977ರಲ್ಲಿ ಅಮೆರಿಕ ಹಾರಿಸಿದ ವೊಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಭೂಮಿಯ ಪರಿಚಯಕ್ಕೆಂದು ಅಡಕ ಮಾಡಿದ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಶಿಲಾಸ್ತಂಭದ ಮೇಲೆ ನಿಂತ ರೆಬ್ಯೂಫಾ ಅವರದೂ ಒಂದು. ಸೌರಮಂಡಲದಾಚೆ ಹೊರಟ ಮನುಷ್ಯರ ಪ್ರತಿನಿಧಿಗಳಲ್ಲಿ ಒಬ್ಬ ಪರ್ವತ ಮಾರ್ಗದರ್ಶಿಯೂ ಇದ್ದಾನೆ.

ಕನ್ನಡದ ಓದುಗರಿಗೂ ಗಢವಾಲ ಅಪರಿಚಿತ ಪ್ರದೇಶವಲ್ಲ. ಜಿಮ್ ಕಾರ್ಬೆಟ್ ಬರೆದ ರುದ್ರಪ್ರಯಾಗದ ನರಭಕ್ಷಕ ಚಿರತೆಯ ಕಥನವನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದಿದ್ದಾರೆ. ಹೆಜ್ಜೆಗುರುತು, ಹಕ್ಕಿಯ ಕೂಗು, ಮುರಿದ ಕಡ್ಡಿಗಳನ್ನು ಓದುವ ಕಾರ್ಬೆಟ್ಟನ ವಿದ್ಯೆಗೂ ಹಿಮದ ಪದರ ಓದುವ ವಿದ್ಯೆಗೂ ನಂಟು ಹತ್ತಿರದ್ದು.

ಜಪಮಾಲೆಯಿಂದ ಜಿಪಿಎಸ್‌ವರೆಗೆ

ಬೆಟ್ಟದ ಜನರಿಗೆ ಯಂತ್ರಗಳ ಮೇಲೆ ಆಸಕ್ತಿ ಮೊಬೈಲಿನೊಂದಿಗೆ ಬಂದದ್ದೇನಲ್ಲ. ಗಢವಾಲದ ನೆರೆಯ ಕುಮಾಂವಿನ ಜೋಹಾರ್ ಕಣಿವೆಯ ಶಾಲಾ ಮೇಷ್ಟ್ರು ನೈನ್ ಸಿಂಗ್ ರಾವತ್, ಬ್ರಿಟಿಷ್ ಸರ್ವೇಕ್ಷಣೆಯ ಪರವಾಗಿ 1865-66ರಲ್ಲಿ ಮಾರುವೇಷದಲ್ಲಿ ಲಾಸಾವರೆಗೆ ನಡೆದರು. ಹೆಜ್ಜೆಯ ಅಳತೆ ತಪ್ಪದಂತೆ ಅವರಿಗೆ ತರಬೇತಿಯಾಗಿತ್ತು; ಸುಮಾರು 2,000 ಹೆಜ್ಜೆಗೆ ಒಂದು ಮೈಲಿ. ಜಪಮಾಲೆಯಲ್ಲಿ 108ರ ಬದಲು 100 ಮಣಿಗಳಿದ್ದವು. ನೂರು ಹೆಜ್ಜೆಗೆ ಒಂದು ಮಣಿ ಸರಿಸಿದರೆ ಒಂದು ಸುತ್ತಿಗೆ 10,000 ಹೆಜ್ಜೆ, ಅಂದರೆ ಐದು ಮೈಲಿ. ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಬದಲು ಟಿಪ್ಪಣಿಯ ಚೀಟಿಗಳು. ನೀರು ಕುದಿಯುವ ಉಷ್ಣತೆ ಅಳೆದು ಎತ್ತರ ಲೆಕ್ಕ ಹಾಕುತ್ತಿದ್ದರು. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1877ರಲ್ಲಿ ಅವರಿಗೆ ಚಿನ್ನದ ಪದಕ ನೀಡಿತು.

ಅವರ ಮಣಿಗಳ ಕೆಲಸವನ್ನು ಈಗ ಫೋನು ಮಾಡುತ್ತದೆ. ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ತೆಗೆದುಹಾಕಿದ ಮೇಲೆ ಸಾಮಾನ್ಯರ ಸಾಧನವೂ ಕೆಲವೇ ಮೀಟರ್‌ಗಳ ಅಂತರದಲ್ಲಿ ಸ್ಥಳ ತೋರಿಸತೊಡಗಿತು. ಸಿಗ್ನಲ್ ಇಲ್ಲದ ಕಡೆ ಜಿಪಿಎಸ್ ಕೆಲಸ ಮಾಡದೆಂಬ ತಪ್ಪುಕಲ್ಪನೆ ನಗರದವರಲ್ಲಿ ಇನ್ನೂ ಇದೆ. ಫೋನು ಉಪಗ್ರಹಗಳ ಸಂಕೇತವನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ಅದಕ್ಕೆ ಟವರ್ ಬೇಕಿಲ್ಲ. ಬೇಕಾದದ್ದು ಮೊದಲೇ ಇಳಿಸಿಕೊಂಡ ನಕಾಶೆ ಮತ್ತು ಬ್ಯಾಟರಿ. ಚಳಿಗೆ ಲಿಥಿಯಂ ಬ್ಯಾಟರಿ ಬೇಗ ಸೋಲುತ್ತದೆ. ಅದಕ್ಕೇ ಅನುಭವಿಗಳು ಫೋನನ್ನು ಏರೋಪ್ಲೇನ್ ಸ್ಥಿತಿಗೆ ಹಾಕಿ ಒಳಜೇಬಿನಲ್ಲಿ ಇಟ್ಟು, ರಾತ್ರಿ ಮಲಗುವ ಚೀಲದೊಳಗೆ ಜೊತೆಗೇ ಮಲಗಿಸಿಕೊಳ್ಳುತ್ತಾರೆ.

ನಕಾಶೆಯದೇ ಬೇರೆ ಪಾಡು. ಗಡಿ ಸಮೀಪದ ವಿವರವಾದ ಸರ್ವೇ ಹಾಳೆಗಳು ದಶಕಗಳ ಕಾಲ ಸಾಮಾನ್ಯರ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಭಾರತ ಸರ್ಕಾರ ನಿಯಮ ಸಡಿಲಿಸಿದ್ದು 2021ರ ಫೆಬ್ರವರಿಯಲ್ಲಿ. ನಕಾಶೆ ಸಿಕ್ಕರೂ ಹಿಮನದಿ ಅದನ್ನು ಲೆಕ್ಕಿಸುವುದಿಲ್ಲ. ಸುಮಾರು 30 ಕಿ.ಮೀ. ಉದ್ದದ ಗಂಗೋತ್ರಿ ಹಿಮನದಿ ವರ್ಷ ವರ್ಷವೂ ಹಿಂದೆ ಸರಿಯುತ್ತಿದೆ, ಅದರ ಮೇಲಿನ ಬಿರುಕುಗಳು ಜಾಗ ಬದಲಿಸುತ್ತಿರುತ್ತವೆ. ಐದು ವರ್ಷದ ಹಿಂದೆ ಯಾರೋ ನಡೆದು ದಾಖಲಿಸಿದ ಜಿಪಿಎಸ್ ಹಾದಿಯನ್ನು ಕಣ್ಣುಮುಚ್ಚಿ ಹಿಡಿದರೆ ಅದು ಬಿರುಕಿನ ಬಾಯಿಗೇ ಕರೆದೊಯ್ಯಬಹುದು.

ಹವಾಮಾನದ ಆ್ಯಪುಗಳ ಮಿತಿಯೂ ಇಂಥದ್ದೇ. 2025ರ ಮೇ ತಿಂಗಳಲ್ಲಿ ಭಾರತ ಆರಂಭಿಸಿದ ಹೊಸ ಮುನ್ಸೂಚನಾ ವ್ಯವಸ್ಥೆ ಭೂಮಿಯನ್ನು 6 ಕಿ.ಮೀ. ಚೌಕಗಳಾಗಿ ನೋಡುತ್ತದೆ, ಇದು ಮಹತ್ವದ ಸಾಧನೆಯೇ. ಆದರೆ ಗಢವಾಲದ 6 ಕಿ.ಮೀ. ಚೌಕದಲ್ಲಿ ನದಿಯ ತಳವೂ ಇರುತ್ತದೆ, ಅದಕ್ಕಿಂತ 2,000 ಮೀಟರ್ ಎತ್ತರದ ಶಿಖರವೂ ಇರುತ್ತದೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಚಳಿ ಹೆಚ್ಚುತ್ತದೆ ಎಂಬುದನ್ನು ನೆನೆದರೆ, ಪರದೆಯ ಮೇಲಿನ ಒಂದು ಅಂಕಿ ಯಾರಿಗೆ ಅನ್ವಯಿಸುತ್ತದೆ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಜೀವ ಉಳಿಸುವ ಸಾಧನಗಳಲ್ಲಿ ಸರಳವಾದುದು ಹಿಮಕುಸಿತ ಶೋಧಕ. ಎದೆಗೆ ಕಟ್ಟಿಕೊಳ್ಳುವ ಈ ಪುಟ್ಟ ರೇಡಿಯೊ 457 ಕಿಲೋಹರ್ಟ್ಜ್ ತರಂಗದಲ್ಲಿ ಸದಾ ಸಂಕೇತ ಬಿಡುತ್ತದೆ. ಯಾರಾದರೂ ಹೂತುಹೋದರೆ ಉಳಿದವರು ತಮ್ಮ ಸಾಧನವನ್ನು ಹುಡುಕುವ ಸ್ಥಿತಿಗೆ ತಿರುಗಿಸಿ ಜಾಗ ಪತ್ತೆ ಮಾಡಿ, ಉದ್ದ ಕೋಲಿನಿಂದ ಚುಚ್ಚಿ, ಸಲಿಕೆಯಿಂದ ಅಗೆಯುತ್ತಾರೆ. ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಬದುಕುವವರೇ ಹೆಚ್ಚು, ಆ ಮೇಲೆ ಆಸೆ ಬೇಗನೆ ಕುಸಿಯುತ್ತದೆ. ಹೆಲಿಕಾಪ್ಟರಿಗೆ ಕಾಯುವಷ್ಟು ಸಮಯ ಅಲ್ಲಿಲ್ಲ, ಉಳಿಸಬೇಕಾದವರು ಪಕ್ಕದಲ್ಲಿರುವವರೇ. ಹಾಗಾಗಿ ತಂಡದಲ್ಲಿ ಮಾರ್ಗದರ್ಶಿಯೊಬ್ಬನ ಬಳಿ ಸಾಧನವಿದ್ದರೆ ಪ್ರಯೋಜನವಿಲ್ಲ, ಪ್ರತಿಯೊಬ್ಬರ ಬಳಿಯೂ ಇರಬೇಕು, ಬಳಸಲು ಬರಬೇಕು.

ಕೇಳಿಸದ ಕರೆ

ಇಷ್ಟೆಲ್ಲದರ ನಡುವೆ ದೊಡ್ಡ ಕೊರತೆ ಒಂದು ಉಳಿದಿದೆ: ಸುದ್ದಿ ಮುಟ್ಟಿಸುವುದು. ಯೂರೋಪ್, ಅಮೆರಿಕಗಳ ಮಾರ್ಗದರ್ಶಿ ಅಂಗೈಯಗಲದ ಉಪಗ್ರಹ ಸಂದೇಶಕವೊಂದನ್ನು ಚೀಲಕ್ಕೆ ಸಿಕ್ಕಿಸಿಕೊಂಡಿರುತ್ತಾನೆ. ಗುಂಡಿ ಒತ್ತಿದರೆ ಟವರಿನ ಹಂಗಿಲ್ಲದೆ, ಇದ್ದ ಸ್ಥಳದ ಗುರುತಿನೊಂದಿಗೆ ರಕ್ಷಣಾ ಕೇಂದ್ರಕ್ಕೆ ಕರೆ ಹೋಗುತ್ತದೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಂಥ ಸಾಧನ ಅಥವಾ ಉಪಗ್ರಹ ಫೋನು ಇಟ್ಟುಕೊಳ್ಳುವುದೇ ಅಪರಾಧ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದ ಉದಾಹರಣೆಗಳಿವೆ. ಗಡಿ ಜಿಲ್ಲೆಗಳ ಭದ್ರತೆಯ ದೃಷ್ಟಿಯಿಂದ ಸರ್ಕಾರದ ಕಳವಳ ಅರ್ಥವಾಗುವಂಥದ್ದೇ. 2017ರಲ್ಲಿ ಬಿಎಸ್‌ಎನ್‌ಎಲ್ ಕಾನೂನುಬದ್ಧ ಉಪಗ್ರಹ ಫೋನ್ ಸೇವೆ ಆರಂಭಿಸಿತಾದರೂ ಹಳ್ಳಿಯ ಮಾರ್ಗದರ್ಶಿಯ ಕೈಗೆ ಅದು ಎಟಕುವಂಥದ್ದಲ್ಲ. ಕಡಿಮೆ ಶಕ್ತಿಯ ಕೆಲವು ವಾಕಿಟಾಕಿಗಳಿಗೆ ಪರವಾನಗಿ ಬೇಕಿಲ್ಲ. ಆದರೆ ನಡುವೆ ಒಂದು ಬೆಟ್ಟ ಅಡ್ಡ ಬಂದರೆ ಅವು ಮೂಕ.

ಪರಿಣಾಮವಾಗಿ ಎತ್ತರದ ಬಯಲಿನಲ್ಲಿ ಅನಾಹುತವಾದರೆ ಇಂದಿಗೂ ಯಾರಾದರೊಬ್ಬರು ಸಿಗ್ನಲ್ ಸಿಗುವ ತನಕ ಓಡಬೇಕು. ಮಾರ್ಗದರ್ಶಿ ಓಡಿದರೆ ತಂಡ ಅನಾಥ, ಓಡದಿದ್ದರೆ ಸುದ್ದಿ ಮುಟ್ಟದು. ನೋಂದಾಯಿತ ಮಾರ್ಗದರ್ಶಿಗಳಿಗೆ, ತಂಡ ಹೊರಡುವ ಊರಿನಲ್ಲೇ, ಸರ್ಕಾರದ ಲೆಕ್ಕದಲ್ಲಿರುವ ಸಾಧನವನ್ನು ಬಾಡಿಗೆಗೆ ಕೊಟ್ಟು ಮರಳಿ ಪಡೆಯುವ ಏರ್ಪಾಡು ಅಸಾಧ್ಯವೇನಲ್ಲ. ಭದ್ರತೆಯೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

'ಬೇಡ' ಎಂಬ ಮಾತಿನ ಬೆಲೆ

ವರ್ಷದ ಕೆಲವೇ ತಿಂಗಳ ಗಳಿಕೆ ಇವರದು. ಹರ್ಸಿಲ್ ಕಡೆಯವರು ಉಳಿದ ಕಾಲದಲ್ಲಿ ರಾಜ್ಮಾ, ಸೇಬು ಬೆಳೆಯುತ್ತಾರೆ. 2018ರ ಆಗಸ್ಟ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್ ಎಂಬ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿ, ಪ್ರವಾಸಿಗರ ಸಂಖ್ಯೆಗೆ ದಿನಕ್ಕೆ 200ರ ಮಿತಿ ಹಾಕಿತು. ಹುಲ್ಲುಗಾವಲಿಗೆ ಅದು ಅಗತ್ಯವಾಗಿತ್ತು. ದುಡಿಮೆಗೆ ಮಾತ್ರ ಪೆಟ್ಟು ಬಿತ್ತು. ಇಂಥ ಸ್ಥಿತಿಯಲ್ಲಿ, ದೂರದ ಊರಿನಿಂದ ಹಣ ಕಟ್ಟಿ, ರಜೆ ಹಾಕಿ ಬಂದ ಹದಿನೈದು ಜನರ ಮುಂದೆ ನಿಂತು 'ಇವತ್ತು ಬೇಡ' ಎನ್ನುವುದು ಸುಲಭವಲ್ಲ. ಬಕ್ಷೀಸು ಹೋಗುತ್ತದೆ, ಕೆಟ್ಟ ಅಭಿಪ್ರಾಯ ಬೀಳುತ್ತದೆ, ಮುಂದಿನ ತಂಡ ಬೇರೆಯವರ ಪಾಲಾಗುತ್ತದೆ. 1820ರಲ್ಲಿ ಹ್ಯಾಮೆಲ್ ತಂಡದ ಮಾರ್ಗದರ್ಶಿಗಳು ಹವೆ ನೋಡಿ ಹಿಂಜರಿದಿದ್ದರು, ಗ್ರಾಹಕರ ಒತ್ತಾಯಕ್ಕೆ ಮಣಿದು ಮುಂದೆ ಹೋದರು ಎಂಬುದನ್ನು ಇಲ್ಲಿ ನೆನೆಯಬೇಕು.

ಕರ್ನಾಟಕದಲ್ಲೂ ಈ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿದೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಮೇಲೆ ಸರ್ಕಾರ ಕೆಲಕಾಲ ಚಾರಣ ನಿಲ್ಲಿಸಿ, ಅದೇ ವರ್ಷ ಆನ್‌ಲೈನ್ ನೋಂದಣಿ ವ್ಯವಸ್ಥೆ ತಂದಿತು. 1,712 ಮೀಟರಿನ ಆ ಬೆಟ್ಟದಲ್ಲಿ ಹಿಮವಿಲ್ಲ. ಮಂಜು, ನಿರ್ಜಲೀಕರಣ, ಕತ್ತಲಾದ ಮೇಲೆ ತಪ್ಪುವ ದಾರಿ ಇವೆ.

ಎವರೆಸ್ಟಿನಲ್ಲಿ 1996ರ ಮೇ 10-11ರಂದು ಎಂಟು ಮಂದಿ ಸತ್ತಾಗ, ಮಧ್ಯಾಹ್ನ ಎರಡು ಗಂಟೆಗೆ ಎಲ್ಲಿದ್ದರೂ ಮರಳಬೇಕೆಂಬ ಮಾತು ಮೀರಿಹೋಗಿತ್ತು. ಮೀರಿದವರಲ್ಲಿ ಲೋಕಪ್ರಸಿದ್ಧ ಮಾರ್ಗದರ್ಶಿಗಳೇ ಇದ್ದರು. ಅಂದಿನಿಂದ ಮರಳುವ ಗಂಟೆಯ ನಿಯಮವನ್ನು ವೃತ್ತಿಯಲ್ಲಿ ಇನ್ನಷ್ಟು ಬಿಗಿಯಾಗಿ ಕಲಿಸಲಾಗುತ್ತದೆ. ಉತ್ತಮ ಮಾರ್ಗದರ್ಶಿಗಳು ಅದನ್ನು ಶಿಖರದ ಬುಡದಲ್ಲಿ ನಿಂತು ಹೇಳುವುದಿಲ್ಲ. ಹಿಂದಿನ ರಾತ್ರಿ, ಅಡುಗೆ ಡೇರೆಯಲ್ಲಿ ಬಿಸಿ ಊಟದ ಮುಂದೆ, ಎಲ್ಲರೂ ಕೂತಿರುವಾಗ ಹೇಳಿ ಒಪ್ಪಿಗೆ ಪಡೆಯುತ್ತಾರೆ. ಒಬ್ಬೊಬ್ಬರ ಬಾಯಿಂದಲೂ ಆ ಗಂಟೆಯನ್ನು ಹೇಳಿಸಿದ ಮೇಲೆಯೇ ದೀಪ ಆರಿಸುತ್ತಾರೆ.